ಒಳ್ಳೇ ಓಟಗಾರ ನಿಜ, ಆದರೆ ಎರಡನೇ ನಂಬರಿಗೆ?

2018ರ ಏಪ್ರಿಲ್ 26ರಂದು ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಕಾರ್ಯಕ್ರಮ ಶುರುವಾದಾಗ ನ್ಯೂಯಾರ್ಕ್ ಜೈಂಟ್ಸ್ ತಂಡದ ಸರದಿ ಎರಡನೆಯದು. ಹೆಮ್ಮೆಪಡುವಂಥದ್ದೇನಲ್ಲ, ಹಿಂದಿನ ಸೀಸನ್ನಿನಲ್ಲಿ 16 ಪಂದ್ಯಗಳಲ್ಲಿ 13 ಸೋತದ್ದಕ್ಕೆ ಸಿಕ್ಕ ಸರದಿ ಅದು. ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಇಲೈ ಮ್ಯಾನಿಂಗ್‌ಗೆ ಆಗಲೇ 37 ವರ್ಷ. ಅವನ ಮುಂದೆ ಗೋಡೆಯಂತೆ ನಿಲ್ಲಬೇಕಾದ ಲೈನ್ ಜರಡಿಯಾಗಿತ್ತು. ಆ ರಾತ್ರಿ ಜೈಂಟ್ಸ್ ಆರಿಸಿಕೊಂಡದ್ದು ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವ ಸೇಕ್ವಾನ್ ಬಾರ್ಕ್ಲಿಯನ್ನು. 105 ಕಿಲೋ ತೂಕದ ಹುಡುಗ, 40 ಗಜವನ್ನು 4.40 ಸೆಕೆಂಡಿನಲ್ಲಿ ಓಡುತ್ತಿದ್ದ.

ಮೊದಲ ವರ್ಷವೇ ಅವನು 1,307 ಗಜ ಓಡಿದ. ಹಿಡಿದ ಪಾಸ್‌ಗಳನ್ನೂ ಸೇರಿಸಿದರೆ ಎರಡು ಸಾವಿರ ಗಜ ದಾಟುತ್ತದೆ. ಆ ವರ್ಷದ ಅತ್ಯುತ್ತಮ ಹೊಸ ಆಕ್ರಮಣ ಆಟಗಾರ ಎಂಬ ಪ್ರಶಸ್ತಿಯೂ ಬಂತು. ತಂಡ ಗೆದ್ದದ್ದು 16ರಲ್ಲಿ ಐದು. ಮರುವರ್ಷ ನಾಲ್ಕು. ಹುಡುಗ ಫಸ್ಟ್ ಕ್ಲಾಸ್, ತಂಡ ಫೇಲ್.

ರನ್ನಿಂಗ್ ಬ್ಯಾಕ್‌ನನ್ನು ಡ್ರಾಫ್ಟ್‌ನ ಆರಂಭದಲ್ಲೇ ತೆಗೆದುಕೊಳ್ಳಬೇಕೇ ಎಂಬ ಜಗಳ ಅಮೆರಿಕದಲ್ಲಿ ಪ್ರತಿ ವರ್ಷ ಏಪ್ರಿಲ್ ಬಂದರೆ ಹೊತ್ತಿಕೊಳ್ಳುತ್ತದೆ. ಒಂದು ಕಡೆಯವರು ಅವನ ಓಟದ ವಿಡಿಯೊ ಹಾಕಿ, ಇಂಥವನನ್ನು ಬಿಡುವುದುಂಟೇ ಅನ್ನುತ್ತಾರೆ. ಇನ್ನೊಂದು ಕಡೆಯವರು ಕೋಷ್ಟಕ ತೆರೆದು, ಯಾರು ಓಡಿದರೂ ಅಷ್ಟೇ ಅನ್ನುತ್ತಾರೆ. ನನಗೆ ಎರಡೂ ಅರ್ಧ ಸರಿ ಅನಿಸುತ್ತದೆ. ಯಾಕೆ ಅನ್ನುವುದಕ್ಕೆ ಬಾರ್ಕ್ಲಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಅದೇ ಮನುಷ್ಯ, ಅದೇ ಕಾಲು, ಎರಡು ತಂಡ.

ಮೊದಲು ಆಟದ ಬಗ್ಗೆ ಎರಡು ಮಾತು. ಗೊತ್ತಿದ್ದವರು ಈ ಪ್ಯಾರಾ ಹಾರಿಸಬಹುದು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದೊಂದು ಕಡೆಗೆ 11 ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಯತ್ನ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ, ಇಲ್ಲವಾದರೆ ಚೆಂಡು ಎದುರಾಳಿಗೆ. ಮುಂದೆ ಹೋಗಲು ದಾರಿ ಎರಡೇ: ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯಬೇಕು, ಅಥವಾ ಯಾರಾದರೂ ಅದನ್ನು ಅವುಚಿಕೊಂಡು ಓಡಬೇಕು. ಆ ಓಡುವವನೇ ರನ್ನಿಂಗ್ ಬ್ಯಾಕ್. ನಮ್ಮ ಕಬಡ್ಡಿಯ ರೈಡರ್‌ನ ಹಾಗೆ ಎಲ್ಲರ ಕಣ್ಣೂ ಅವನ ಮೇಲೆ. ಒಂದು ವ್ಯತ್ಯಾಸ ಇದೆ. ರೈಡರ್ ಒಬ್ಬನೇ ಹೋಗಿ ಬರುತ್ತಾನೆ. ಇವನು ಒಬ್ಬನೇ ಹೋದರೆ ವಾಪಸು ಬರುವುದು ಸ್ಟ್ರೆಚರ್ ಮೇಲೆ.

ಒಂದು ಓಟವನ್ನು ಹತ್ತಿರದಿಂದ ನೋಡೋಣ. ಸೆಂಟರ್ ಎಂಬಾತ ಬಗ್ಗಿ, ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಕ್ವಾರ್ಟರ್‌ಬ್ಯಾಕ್ ಅರ್ಧ ಸುತ್ತು ತಿರುಗಿ ಅದನ್ನು ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಒತ್ತುತ್ತಾನೆ. ಅಷ್ಟು ಹೊತ್ತಿಗೆ ಮುಂದೆ ತಲಾ 140 ಕಿಲೋದ ಐದು ಲೈನ್‌ಮನ್‌ಗಳು ಎದುರಿನವರ ಎದೆಗೆ ಕೈಕೊಟ್ಟು ತಳ್ಳುತ್ತಿರುತ್ತಾರೆ. ಇಬ್ಬರ ನಡುವೆ ಒಂದು ಸಂದು ತೆರೆಯುತ್ತದೆ, ಬಾಗಿಲಿನಷ್ಟು ಅಗಲ, ಅರೆ ಕ್ಷಣ. ಅದು ತೆರೆದರೆ ಓಟಗಾರ ಮೂರು ಗಜದವರೆಗೆ ಯಾರ ಕೈಗೂ ಸಿಗದೆ ದಾಟುತ್ತಾನೆ. ತೆರೆಯದಿದ್ದರೆ ಅವನು ಬಾರ್ಕ್ಲಿಯೇ ಆಗಲಿ, ಬೇರೆ ಯಾರೇ ಆಗಲಿ, ತನ್ನದೇ ಲೈನ್‌ಮನ್‌ನ ಬೆನ್ನಿಗೆ ಡಿಕ್ಕಿ ಹೊಡೆದು ಬೀಳುತ್ತಾನೆ. ಒಂದು ಓಟದ ಮೊದಲ ಎರಡು ಮೂರು ಗಜ ಲೈನ್‌ನವರದು. ಅದರಾಚೆಗಿನದು ಓಟಗಾರನ ಸ್ವಂತ ಸಂಪಾದನೆ. ಅಂಕಪಟ್ಟಿ ಮಾತ್ರ ಎಲ್ಲವನ್ನೂ ಅವನ ಹೆಸರಿಗೇ ಬರೆಯುತ್ತದೆ.

ಎನ್‌ಎಫ್‌ಎಲ್‌ನಲ್ಲಿ ಸರಾಸರಿ ಒಂದು ಓಟಕ್ಕೆ ನಾಲ್ಕೂಕಾಲು, ನಾಲ್ಕೂವರೆ ಗಜ ಸಿಗುತ್ತದೆ. ಒಂದು ಪಾಸ್ ಯತ್ನಕ್ಕೆ ಸುಮಾರು ಏಳು. ಕ್ವಾರ್ಟರ್‌ಬ್ಯಾಕ್ ಕೆಡವಿಸಿಕೊಂಡದ್ದನ್ನು ಕಳೆದರೂ ಆರರ ಸುತ್ತ. 1978ರಲ್ಲಿ ಪಾಸ್ ಹಿಡಿಯಲು ಓಡುವ ರಿಸೀವರ್‌ನನ್ನು ಐದು ಗಜದಾಚೆ ಮುಟ್ಟಬಾರದೆಂಬ ನಿಯಮ ಬಂದಾಗಿನಿಂದ ಎಸೆಯುವುದು ಸುಲಭವಾಗುತ್ತಲೇ ಬಂದಿದೆ. ಲೆಕ್ಕದವರು ಈಗ ಗಜವನ್ನು ನೆಚ್ಚುವುದೂ ಇಲ್ಲ. ಪ್ರತಿ ಯತ್ನದ ಮೊದಲು ಈ ಜಾಗದಿಂದ ಈ ತಂಡಕ್ಕೆ ಸರಾಸರಿ ಎಷ್ಟು ಪಾಯಿಂಟ್ ಬರಬಹುದು, ಯತ್ನದ ನಂತರ ಎಷ್ಟು ಎಂದು ನೋಡಿ, ವ್ಯತ್ಯಾಸವನ್ನು ಎಣಿಸುತ್ತಾರೆ. ಮೊದಲ ಯತ್ನದಲ್ಲಿ 10 ಗಜ ಬೇಕಿದ್ದಾಗ ಮೂರು ಗಜ ಓಡಿದರೆ ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ. ಈ ಲೆಕ್ಕದಲ್ಲಿ ಅದು ಸಣ್ಣ ನಷ್ಟ. ಒಂದು ಯತ್ನ ಹೋಯಿತು, ಇನ್ನೂ ಏಳು ಗಜ ಬಾಕಿ.

ಇಷ್ಟಾದರೂ ಇದು ಅರ್ಧ ಕಥೆ. ಉಳಿದರ್ಧ ಸಂಬಳದ್ದು. ಜಗಳದಲ್ಲಿ ಕಡಿಮೆ ಕೇಳಿಬರುವುದೂ ಅದೇ, ನಿಜವಾಗಿ ತಕ್ಕಡಿ ವಾಲಿಸುವುದೂ ಅದೇ.

ಐಪಿಎಲ್ ನೋಡಿ ಬೆಳೆದವರಿಗೆ ಡ್ರಾಫ್ಟ್ ಅಂದರೆ ಹರಾಜು ಎಂದೇ ಅನಿಸುತ್ತದೆ. ಹರಾಜಿನಲ್ಲಿ ಆಟಗಾರನ ಬೆಲೆ ಕೂಗುವವರು ತೀರ್ಮಾನಿಸುತ್ತಾರೆ. ಡ್ರಾಫ್ಟ್‌ನಲ್ಲಿ ಕೂಗೇ ಇಲ್ಲ. ಸೋತವರು ಮೊದಲು, ಗೆದ್ದವರು ಕೊನೆಗೆ, ಸರದಿ ಬಂದಾಗ ಒಂದು ಹೆಸರು ಹೇಳಬೇಕು, ಅಷ್ಟೇ. 2011ರ ಒಪ್ಪಂದದ ನಂತರ ಸಂಬಳ ಅಂಟಿಕೊಂಡಿರುವುದು ನಂಬರಿಗೆ. ಎರಡನೆಯವನಾಗಿ ಹೋದರೆ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದೂ ಅಷ್ಟೇ, ಓಟಗಾರನಿಗೆ ಸಿಗುವುದೂ ಅಷ್ಟೇ. ಒಪ್ಪಂದ ನಾಲ್ಕು ವರ್ಷ. ಮೊದಲ ಸುತ್ತಿನವನಾದರೆ ಐದನೇ ವರ್ಷವನ್ನೂ ತಂಡ ತನ್ನಿಚ್ಛೆಯಂತೆ ಸೇರಿಸಿಕೊಳ್ಳಬಹುದು. ಇಡೀ ತಂಡದ ಸಂಬಳಕ್ಕೆ ಮೇಲ್ಮಿತಿ ಬೇರೆ. 2018ರಲ್ಲಿ ಅದು 17.72 ಕೋಟಿ ಡಾಲರ್.

ಈಗ ಕೂಡಿ ಕಳೆಯಿರಿ. ಬಾರ್ಕ್ಲಿಯ ನಾಲ್ಕು ವರ್ಷದ ಒಪ್ಪಂದ ಸುಮಾರು 3.12 ಕೋಟಿ ಡಾಲರ್, ಅಂದರೆ ವರ್ಷಕ್ಕೆ 78 ಲಕ್ಷ. ಅದೇ ಬೇಸಿಗೆಯಲ್ಲಿ ರ‍್ಯಾಮ್ಸ್ ತಂಡ ಟಾಡ್ ಗರ್ಲಿಗೆ ಕೊಟ್ಟ ಒಪ್ಪಂದ ಓಟಗಾರರಲ್ಲೇ ದೊಡ್ಡದು, ವರ್ಷಕ್ಕೆ ಸುಮಾರು 1.44 ಕೋಟಿ. ಬಾರ್ಕ್ಲಿ ಮೊದಲ ದಿನದಿಂದಲೇ ದೇಶದ ಅತಿ ಶ್ರೇಷ್ಠ ಓಟಗಾರನಂತೆ ಆಡಿದ ಅಂತಲೇ ಇಟ್ಟುಕೊಳ್ಳೋಣ. ಜೈಂಟ್ಸ್‌ಗೆ ಉಳಿತಾಯ ವರ್ಷಕ್ಕೆ 66 ಲಕ್ಷ. ಅದೇ ಡ್ರಾಫ್ಟ್‌ನಲ್ಲಿ ಏಳನೆಯವನಾಗಿ ಬಫಲೋ ಬಿಲ್ಸ್‌ಗೆ ಹೋದ ಕ್ವಾರ್ಟರ್‌ಬ್ಯಾಕ್ ಜಾಶ್ ಆ್ಯಲನ್‌ಗೆ ವರ್ಷಕ್ಕೆ ಸುಮಾರು 53 ಲಕ್ಷ. ಆಗ ಮ್ಯಾಟ್ ರಯಾನ್‌ನಂಥ ಹಿರಿಯ ಕ್ವಾರ್ಟರ್‌ಬ್ಯಾಕ್‌ಗೆ ಅಟ್ಲಾಂಟಾ ಕೊಡುತ್ತಿದ್ದದ್ದು ವರ್ಷಕ್ಕೆ 3 ಕೋಟಿ. ಆ್ಯಲನ್ ಆ ಮಟ್ಟಕ್ಕೆ ಏರಿದ ವರ್ಷಗಳಲ್ಲಿ ಬಿಲ್ಸ್‌ಗೆ ಉಳಿದದ್ದು ಎರಡೂವರೆ ಕೋಟಿಯ ಆಸುಪಾಸು, ಆ ಹಣದಲ್ಲಿ ಇನ್ನೊಂದಿಬ್ಬರು ಒಳ್ಳೆಯ ಲೈನ್‌ಮನ್‌ಗಳು ಬರುತ್ತಾರೆ. ಆರಂಭದ ಪಿಕ್ (ಆರಿಸುವ ಸರದಿ) ಎಂದರೆ ದೊಡ್ಡ ಬೆಲೆಯ ಸಾಮಾನನ್ನು ಸಣ್ಣ ಬೆಲೆಗೆ ತರುವ ಕೂಪನ್. ಅದನ್ನು ಪೇಟೆಯಲ್ಲೇ ಅಗ್ಗವಾಗಿರುವ ಸಾಮಾನಿಗೆ ಬಳಸಿದರೆ ಕೂಪನ್ ದಂಡ.

ಪೇಟೆಯಲ್ಲಿ ಅಗ್ಗ ಹೇಗೆ? ಅದೇ 2018ರಲ್ಲಿ ಏಳೂ ಸುತ್ತಿನಲ್ಲಿ 32 ತಂಡಗಳ ಪೈಕಿ ಒಂದೂ ಕರೆಯದ ಫಿಲಿಪ್ ಲಿಂಡ್ಸೆ ಎಂಬ ಹುಡುಗ ಡೆನ್ವರ್‌ನಲ್ಲಿ 1,037 ಗಜ ಓಡಿ ತಾರಾ ಆಟಗಾರರ ಪಂದ್ಯವಾದ ಪ್ರೋ ಬೌಲ್‌ಗೆ ಆಯ್ಕೆಯಾದ. ಅದೇ ಡೆನ್ವರ್‌ನಲ್ಲಿ 1995ರಲ್ಲಿ ಆರನೇ ಸುತ್ತಿನ 196ನೆಯವನಾಗಿ ಬಂದ ಟೆರೆಲ್ ಡೇವಿಸ್ 1998ರಲ್ಲಿ 2,008 ಗಜ ಓಡಿ, ಈಗ ಹಾಲ್ ಆಫ್ ಫೇಮ್‌ನಲ್ಲಿದ್ದಾನೆ. 2012ರಲ್ಲಿ ಕ್ಲೀವ್‌ಲೆಂಡ್ ಮೂರನೇ ನಂಬರ್ ಕೊಟ್ಟು ಟ್ರೆಂಟ್ ರಿಚರ್ಡ್‌ಸನ್‌ನನ್ನು ತಂದಿತು; ಅವನು 950 ಗಜ ಓಡಿದ. ಅದೇ ವರ್ಷ ವಾಷಿಂಗ್ಟನ್ 173ನೆಯವನಾಗಿ ತಂದ ಆಲ್ಫ್ರೆಡ್ ಮಾರಿಸ್ ಓಡಿದ್ದು 1,613. ರಿಚರ್ಡ್‌ಸನ್‌ನನ್ನು ಮರುವರ್ಷವೇ ಕ್ಲೀವ್‌ಲೆಂಡ್ ಮಾರಿಬಿಟ್ಟಿತು. 2018ರಲ್ಲಿ ಪಿಟ್ಸ್‌ಬರ್ಗ್‌ನ ಲೆವಿಯಾನ್ ಬೆಲ್ ಸಂಬಳದ ಜಗಳಕ್ಕೆ ಇಡೀ ಸೀಸನ್ ಮನೆಯಲ್ಲಿ ಕೂತಾಗ, ಮೂರನೇ ಸುತ್ತಿನ ಜೇಮ್ಸ್ ಕಾನರ್ ಬಂದು 12 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಓಡಿದ.

ಇಂಥ ಪಟ್ಟಿ ಓದಿ ಓದಿ ತಂಡಗಳಿಗೂ ಬುದ್ಧಿ ಬಂತು. 2005ರಲ್ಲಿ ಮೊದಲ ಐದು ಪಿಕ್‌ಗಳಲ್ಲಿ ಮೂರು ರನ್ನಿಂಗ್ ಬ್ಯಾಕ್‌ಗಳದ್ದೇ ಆಗಿದ್ದವು. 2013ರಲ್ಲಿ ಮೊದಲ ಸುತ್ತಿನಲ್ಲಿ ಒಬ್ಬನೂ ಹೋಗಲಿಲ್ಲ, 2014ರಲ್ಲೂ ಇಲ್ಲ. 2024ರಲ್ಲಿ ಮತ್ತೆ ಅದೇ ಕಥೆ. ಮೊದಲನೆಯವನು ಹೋದದ್ದು 46ನೇ ನಂಬರಿಗೆ. ಹಳೆಯ ಕಾಲದ ಹುಚ್ಚಿಗೆ ಕಳಶಪ್ರಾಯ ಅಂದರೆ 1999. ನ್ಯೂ ಆರ್ಲಿಯನ್ಸ್ ಕೋಚ್ ಮೈಕ್ ಡಿಟ್ಕಾ ಐದನೇ ನಂಬರಿಗೆ ಏರಿ ರಿಕಿ ವಿಲಿಯಮ್ಸ್‌ನನ್ನು ಹಿಡಿಯಲು ಆ ವರ್ಷದ ತಮ್ಮ ಎಲ್ಲಾ ಪಿಕ್‌ಗಳನ್ನೂ, ಮರುವರ್ಷದ ಮೊದಲ ಮತ್ತು ಮೂರನೇ ಸುತ್ತಿನವನ್ನೂ ಕೊಟ್ಟುಬಿಟ್ಟರು. ಇಬ್ಬರೂ ಒಂದು ಕ್ರೀಡಾ ಪತ್ರಿಕೆಯ ಮುಖಪುಟಕ್ಕೆ ಮದುಮಕ್ಕಳಂತೆ ಪೋಸು ಕೊಟ್ಟರು, ರಿಕಿ ಬಿಳಿ ಗೌನಿನಲ್ಲಿ! ತಂಡ ಆ ವರ್ಷ 16ರಲ್ಲಿ ಮೂರು ಗೆದ್ದಿತು. ಡಿಟ್ಕಾ ಕೆಲಸ ಹೋಯಿತು.

ಜೈಂಟ್ಸ್‌ಗೆ 2018ರಲ್ಲಿ ಬೇರೆ ದಾರಿ ಇತ್ತೇ? ಇತ್ತು, ಪಕ್ಕದಲ್ಲೇ. ಮೂರನೇ ನಂಬರ್ ಹೊಂದಿದ್ದ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಡ್ರಾಫ್ಟ್‌ಗೆ ಮೊದಲೇ ಅದನ್ನು ನ್ಯೂಯಾರ್ಕ್‌ನದೇ ಇನ್ನೊಂದು ತಂಡ ಜೆಟ್ಸ್‌ಗೆ ಕೊಟ್ಟು ಆರಕ್ಕೆ ಇಳಿದಿತ್ತು. ಮೂರು ಹೆಜ್ಜೆ ಇಳಿದದ್ದಕ್ಕೆ ಸಿಕ್ಕಿದ್ದು ಎರಡನೇ ಸುತ್ತಿನ ಮೂರು ಪಿಕ್. ಮೇಲಿಂದ ಆರನೇ ನಂಬರಿನಲ್ಲಿ ಕ್ವೆಂಟನ್ ನೆಲ್ಸನ್ ಎಂಬ ಗಾರ್ಡ್ (ಲೈನ್‌ಮನ್) ಸಿಕ್ಕ, ಮೊದಲ ವರ್ಷವೇ ಆಲ್-ಪ್ರೋ, ಅಂದರೆ ಲೀಗಿನ ಅತ್ಯುತ್ತಮರ ಪಟ್ಟಿಗೆ. ಹಿಂದಿನ ವರ್ಷ ನಾಲ್ಕು ಗೆದ್ದಿದ್ದ ಕೋಲ್ಟ್ಸ್ ಆ ವರ್ಷ ಹತ್ತು ಗೆದ್ದಿತು. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಆ್ಯಂಡ್ರೂ ಲಕ್ ಗಾಯ ವಾಸಿಯಾಗಿ ಮರಳಿದ್ದರ ಪಾಲು ದೊಡ್ಡದು, ಅದನ್ನು ಮರೆಯಬಾರದು. ಆದರೂ ಲಕ್ ಮುಂದೆ ನಿಂತವರು ಯಾರು ಅನ್ನುವುದೂ ಸಣ್ಣ ಮಾತಲ್ಲ.

ಜೈಂಟ್ಸ್ ಪರ ಹೇಳುವ ಮಾತೂ ಇದೆ. ಕ್ವಾರ್ಟರ್‌ಬ್ಯಾಕ್ ಆರಿಸುವುದು ಲಾಟರಿ. ಆ ರಾತ್ರಿ ಹತ್ತನೆಯವನಾಗಿ ಅರಿಜೋನಾಗೆ ಹೋದ ಜಾಶ್ ರೋಸನ್‌ನನ್ನು ಆ ತಂಡ ಒಂದೇ ವರ್ಷಕ್ಕೆ ಸಾಗಹಾಕಿ, ಹೊಸಬನನ್ನು ತಂದಿತು. ಓಟಗಾರ ಹಾಗಲ್ಲ, ಕಾಲೇಜಿನಲ್ಲಿ ಏನು ಮಾಡಿದ್ದನೋ ಬಹುಮಟ್ಟಿಗೆ ಅದನ್ನೇ ಇಲ್ಲೂ ಮಾಡುತ್ತಾನೆ, ಅದೂ ಮೊದಲ ವಾರದಿಂದಲೇ. ಈ ವಾದಕ್ಕೆ ತೂಕ ಇದೆ. ಆದರೆ ಮೊದಲ ವಾರದಿಂದಲೇ ಫಲ ಕೊಡುವ ಮರ ಯಾರಿಗೆ ಬೇಕು? ಈ ವರ್ಷವೇ ಗೆಲ್ಲಲು ಸಿದ್ಧವಾಗಿರುವವರಿಗೆ. ಮೂರು ವರ್ಷ ಕಟ್ಟಬೇಕಾದ ತಂಡಕ್ಕೆ ಅದು ಬೇಕಿಲ್ಲ. ಅವರು ಕಟ್ಟಿ ಮುಗಿಸುವಷ್ಟರಲ್ಲಿ ಆ ಮರದ ಫಸಲು ಮುಗಿದಿರುತ್ತದೆ.

ವಯಸ್ಸಿನ ಮಾತು ಇಲ್ಲಿ ಬರುತ್ತದೆ. ಹೈಸ್ಕೂಲ್ ಮುಗಿಸಿ ಮೂರು ವರ್ಷ ಕಳೆಯದೆ ಎನ್‌ಎಫ್‌ಎಲ್‌ಗೆ ಬರುವಂತಿಲ್ಲ. ಆದ್ದರಿಂದ ಓಟಗಾರ ಬರುವುದು 21, 22ಕ್ಕೆ. ಕ್ವಾರ್ಟರ್‌ಬ್ಯಾಕ್ 35ರಲ್ಲೂ ಆಡುತ್ತಾನೆ. ಓಟಗಾರ ಒಂದು ಸೀಸನ್ನಿನಲ್ಲಿ 250, 300 ಸಲ ಚೆಂಡು ಹೊತ್ತು, ಪ್ರತಿ ಸಲವೂ ಮೈಮೇಲೆ ಬೀಳಿಸಿಕೊಳ್ಳುತ್ತಾನೆ. 27ರ ಹೊತ್ತಿಗೆ ಬಹುಪಾಲು ಕಾಲುಗಳು ಒಂದು ಅರೆ ಹೆಜ್ಜೆ ಕಳೆದುಕೊಂಡಿರುತ್ತವೆ. ಡೆರಿಕ್ ಹೆನ್ರಿ 30 ದಾಟಿಯೂ 2024ರಲ್ಲಿ 1,921 ಗಜ ಓಡಿದ ನಿಜ. ಹೆನ್ರಿಯನ್ನು ನೋಡಿ ನಿಯಮ ಬರೆಯುವುದು, ಶತಾಯುಷಿ ಅಜ್ಜ ಬೀಡಿ ಸೇದುತ್ತಿದ್ದರು ಅಂತ ಬೀಡಿ ಹಚ್ಚಿದ ಹಾಗೆ. ಗರ್ಲಿಗೆ ಆ ದೊಡ್ಡ ಒಪ್ಪಂದ ಸಿಕ್ಕಿದ್ದು 2018ರ ಬೇಸಿಗೆಯಲ್ಲಿ. ಮೊಣಕಾಲು ಕೈಕೊಟ್ಟು, 2020ರ ಮಾರ್ಚ್‌ನಲ್ಲಿ ರ‍್ಯಾಮ್ಸ್ ಅವನನ್ನು ಕೈಬಿಟ್ಟಾಗ ವಯಸ್ಸು 25.

ಹಾಗಾಗಿ ಓಟಗಾರನ ಒಳ್ಳೆಯ ವರ್ಷಗಳೂ ಮೊದಲ ಒಪ್ಪಂದದ ವರ್ಷಗಳೂ ಹೆಚ್ಚು ಕಡಿಮೆ ಒಂದೇ. ಐದನೇ ವರ್ಷವನ್ನೂ ಎಳೆದು, ಆಮೇಲೆ ಫ್ರಾಂಚೈಸ್ ಟ್ಯಾಗ್ ಎಂಬ ಒಂದು ವರ್ಷದ ಹಗ್ಗ ಹಾಕಿದರೆ ಅವನು ಸ್ವತಂತ್ರನಾಗುವುದು 27ಕ್ಕೆ. ಆಟಗಾರನ ಕಡೆಯಿಂದ ನೋಡಿದರೆ ಇದು ಅನ್ಯಾಯವೇ. 2023ರ ಜುಲೈನಲ್ಲಿ ಹೆಸರುವಾಸಿ ರನ್ನಿಂಗ್ ಬ್ಯಾಕ್‌ಗಳೆಲ್ಲ ಒಂದು ವಿಡಿಯೊ ಕರೆಯಲ್ಲಿ ಸೇರಿ ಇದನ್ನೇ ತೋಡಿಕೊಂಡರು. ಬಾರ್ಕ್ಲಿಯೂ ಆಗ ಟ್ಯಾಗಿನ ಹಗ್ಗದಲ್ಲೇ ಇದ್ದ. 2020ರಲ್ಲಿ ಎರಡನೇ ವಾರವೇ ಅವನ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದಿತ್ತು. ಆರು ಸೀಸನ್ನಿನಲ್ಲಿ ಜೈಂಟ್ಸ್ ಪ್ಲೇಆಫ್ ನೋಡಿದ್ದು ಒಮ್ಮೆ.

2024ರ ಮಾರ್ಚ್‌ನಲ್ಲಿ ಜೈಂಟ್ಸ್ ಅವನನ್ನು ಬಿಟ್ಟುಕೊಟ್ಟಿತು. ಸೇಕ್ವಾನ್ ಫಿಲಡೆಲ್ಫಿಯಾಗೆ ಹೋದರೆ ತನಗೆ ನಿದ್ದೆ ಬರುವುದು ಕಷ್ಟ ಎಂದು ಮಾಲೀಕ ಜಾನ್ ಮಾರಾ ಕ್ಯಾಮೆರಾ ಎದುರೇ ತಮ್ಮ ಮ್ಯಾನೇಜರ್‌ಗೆ ಹೇಳಿದ್ದರು. ಅವನು ಹೋದದ್ದು ಅಲ್ಲಿಗೇ. ಅಲ್ಲಿನ ಈಗಲ್ಸ್ ತಂಡ ಮೂರು ವರ್ಷಕ್ಕೆ 3.775 ಕೋಟಿ ಡಾಲರ್ ಕೊಟ್ಟಿತು. ಡ್ರಾಫ್ಟ್ ಪಿಕ್ ಒಂದನ್ನೂ ಕೊಡಲಿಲ್ಲ.

ಅಲ್ಲಿ ಅವನ ಮುಂದೆ ನಿಂತ ಲೈನ್ ನೋಡಿ. ಬಲಕ್ಕೆ ಲೇನ್ ಜಾನ್ಸನ್, 2013ರಲ್ಲಿ ಇದೇ ತಂಡ ನಾಲ್ಕನೇ ನಂಬರ್ ವ್ಯಯಿಸಿ ತಂದವನು. ನಡುವಿನ ಕ್ಯಾಮ್ ಜರ್ಗೆನ್ಸ್, ಅವನ ಪಕ್ಕದ ಲ್ಯಾಂಡನ್ ಡಿಕರ್‌ಸನ್ ಇಬ್ಬರೂ ಎರಡನೇ ಸುತ್ತಿನವರು. ಎಡ ತುದಿಯಲ್ಲಿ ಜಾರ್ಡನ್ ಮೈಲಾಟಾ, 165 ಕಿಲೋ, ಆಸ್ಟ್ರೇಲಿಯಾದ ರಗ್ಬಿ ಹುಡುಗ. ಅವನನ್ನು ಈಗಲ್ಸ್ ಏಳನೇ ಸುತ್ತಿನಲ್ಲಿ ಆರಿಸಿದಾಗ ಅವನು ಒಂದೇ ಒಂದು ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನೂ ಆಡಿರಲಿಲ್ಲ. ಅದು ಯಾವ ಡ್ರಾಫ್ಟ್ ಗೊತ್ತೇ? 2018. ಜೈಂಟ್ಸ್ ಬಾರ್ಕ್ಲಿಯನ್ನು ಕರೆದ ಅದೇ ಡ್ರಾಫ್ಟ್. ಒಬ್ಬರು ಎರಡನೇ ನಂಬರಿಗೆ ಓಟಗಾರನನ್ನು ತಂದು ಲೈನ್ ಹುಡುಕುತ್ತಾ ಆರು ವರ್ಷ ಕಳೆದರು. ಇನ್ನೊಬ್ಬರು ಆರು ವರ್ಷ ಲೈನ್ ಬೆಳೆಸಿ, ಆಮೇಲೆ ಓಟಗಾರನನ್ನು ಕರೆಸಿಕೊಂಡರು.

ಆ ಸೀಸನ್ನಿನಲ್ಲಿ ಬಾರ್ಕ್ಲಿ ಓಡಿದ್ದು 2,005 ಗಜ. ನವೆಂಬರ್‌ನಲ್ಲಿ ಜ್ಯಾಕ್ಸನ್‌ವಿಲ್ ವಿರುದ್ಧ ಸಣ್ಣ ಪಾಸ್ ಹಿಡಿದು, ಒಬ್ಬನಿಂದ ತಪ್ಪಿಸಿಕೊಂಡು ಗಿರ‍್ರನೆ ತಿರುಗಿ, ಬೆನ್ನು ಮುಂದಾಗಿರುವಾಗಲೇ ಇನ್ನೊಬ್ಬನ ತಲೆಯ ಮೇಲಿಂದ ಹಿಮ್ಮುಖವಾಗಿ ಜಿಗಿದ. ನಾನದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಯಾರು ಓಡಿದರೂ ಅಷ್ಟೇ ಎನ್ನುವ ಕೋಷ್ಟಕದವರಿಗೆ ಉತ್ತರ ಆ ಜಿಗಿತದಲ್ಲಿದೆ. ಲೈನ್ ತೆರೆದ ಸಂದಿನಲ್ಲಿ ಸಾಧಾರಣ ಓಟಗಾರ ಎಂಟು ಗಜ ಹೋಗಿ ಬಿದ್ದರೆ, ಬಾರ್ಕ್ಲಿ 60 ಗಜ ಹೋಗುತ್ತಾನೆ. ಶ್ರೇಷ್ಠ ಓಟಗಾರನಿಗೂ ಸಾಧಾರಣದವನಿಗೂ ವ್ಯತ್ಯಾಸ ಖಂಡಿತ ಇದೆ. ಆದರೆ ಅದು ಕಾಣಿಸಿಕೊಳ್ಳುವುದು ಮೊದಲ ಮೂರು ಗಜ ಬೇರೆಯವರು ದುಡಿದು ಕೊಟ್ಟ ಮೇಲೆ. ಈಗಲ್ಸ್ ಸೂಪರ್ ಬೌಲ್ ಗೆದ್ದಿತು. ಫೈನಲ್ ರಾತ್ರಿ ಕ್ಯಾನ್ಸಸ್ ಸಿಟಿಯವರು ಬಾರ್ಕ್ಲಿಯನ್ನು 57 ಗಜಕ್ಕೆ ಕಟ್ಟಿಹಾಕಿದರು. ಆದರೂ ಸ್ಕೋರು 40-22. ಅವನಿಲ್ಲದೆಯೂ ಗೆಲ್ಲುವಷ್ಟು ತಂಡ ಅವನ ಸುತ್ತ ಇತ್ತು.

ಹಾಗಾದರೆ ಆರಂಭದ ಪಿಕ್ ಎಂದೂ ಕೊಡಬಾರದೇ? ಕೊಡಬಹುದು. 2016ರಲ್ಲಿ ಡಲ್ಲಾಸ್ ಕೌಬಾಯ್ಸ್ ನಾಲ್ಕನೇ ನಂಬರಿಗೆ ಇಝೀಕಿಯಲ್ ಎಲಿಯಟ್‌ನನ್ನು ತಂದಾಗ ಅವರ ಲೈನ್ ದೇಶದಲ್ಲೇ ಹೆಸರುವಾಸಿ. ಹುಡುಗ ಮೊದಲ ವರ್ಷವೇ 1,631 ಗಜ ಓಡಿ ಲೀಗಿಗೇ ಮೊದಲಿಗನಾದ, ತಂಡ 13 ಪಂದ್ಯ ಗೆದ್ದಿತು. ಡಲ್ಲಾಸ್ ಎಡವಿದ್ದು ಆಮೇಲೆ, 2019ರಲ್ಲಿ ಅವನಿಗೆ ಆರು ವರ್ಷದ 9 ಕೋಟಿ ಡಾಲರ್ ಒಪ್ಪಂದ ಕೊಟ್ಟಾಗ. 2023ರಲ್ಲಿ ಬಿಟ್ಟುಕಳಿಸಬೇಕಾಯಿತು. ಅದೇ 2023ರಲ್ಲಿ ಡೆಟ್ರಾಯಿಟ್ ಲಯನ್ಸ್ 12ನೇ ನಂಬರಿಗೆ ಜಮೀರ್ ಗಿಬ್ಸ್‌ನನ್ನು ಕರೆದಾಗ ಪಂಡಿತರು ನಕ್ಕರು. ಆದರೆ ಲಯನ್ಸ್ ಬಳಿ ಪೆನೆ ಸೂವೆಲ್, ಫ್ರಾಂಕ್ ರ‍್ಯಾಗ್ನೋ ಇದ್ದ ಗಟ್ಟಿ ಲೈನ್ ಇತ್ತು, ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಇದ್ದ. ಮರುವರ್ಷ ಗಿಬ್ಸ್ 20 ಟಚ್‌ಡೌನ್ ಹೊಡೆದ, ತಂಡ 17ರಲ್ಲಿ 15 ಗೆದ್ದಿತು.

ನನ್ನ ಕೈಗೆ ಪಿಕ್ ಕೊಟ್ಟರೆ ನಾನು ಕೇಳುವುದು ಮೂರೇ ಪ್ರಶ್ನೆ, ಮೂರೂ ಓಟಗಾರನ ಬಗ್ಗೆ ಅಲ್ಲ. ಕ್ವಾರ್ಟರ್‌ಬ್ಯಾಕ್ ಇದ್ದಾನೆಯೇ, ಲೈನ್ ಇದೆಯೇ, ಹಿಂದೆ ಸರಿದು ಇನ್ನೆರಡು ಪಿಕ್ ಪಡೆಯುವ ಗಿರಾಕಿ ಸಿಕ್ಕಿದ್ದಾನೆಯೇ. ಮೊದಲೆರಡಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಅಂದರೆ ಕಣ್ಣುಮುಚ್ಚಿ ಕರೆಯುತ್ತೇನೆ, ಅದು ಎಂಟನೇ ನಂಬರಾದರೂ ಸರಿ. ಓಟಗಾರ ಪಾಸ್ ಹಿಡಿಯುವುದರಲ್ಲೂ ನಿಪುಣನಾಗಿದ್ದರೆ ಇನ್ನೂ ಸಂತೋಷ. ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ, ಯಾಕೆಂದರೆ 2019ರಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿ ಓಟದಲ್ಲಿ ಸಾವಿರ, ಪಾಸ್‌ನಲ್ಲಿ ಸಾವಿರ ಗಜ ಎರಡನ್ನೂ ದಾಟಿದ. ಅವನ ಕ್ಯಾರೊಲಿನಾ 16ರಲ್ಲಿ ಗೆದ್ದದ್ದು ಐದೇ.

2025ರ ಜನವರಿ 5. ಸೀಸನ್ನಿನ ಕೊನೆಯ ಲೀಗ್ ಪಂದ್ಯ, ಫಿಲಡೆಲ್ಫಿಯಾದಲ್ಲಿ. ಎರಿಕ್ ಡಿಕರ್‌ಸನ್ 1984ರಲ್ಲಿ ಬರೆದಿಟ್ಟ 2,105 ಗಜದ ದಾಖಲೆ ಮುರಿಯಲು ಬಾರ್ಕ್ಲಿಗೆ ಬೇಕಿದ್ದದ್ದು 101 ಗಜ. ಎದುರಾಳಿ ನ್ಯೂಯಾರ್ಕ್ ಜೈಂಟ್ಸ್, ಆ ವರ್ಷ ಮೂರೇ ಗೆದ್ದಿದ್ದ ತಂಡ. ಪ್ಲೇಆಫ್‌ನಲ್ಲಿ ಈಗಲ್ಸ್ ಸ್ಥಾನ ಆಗಲೇ ಖಾತ್ರಿಯಾಗಿತ್ತು. ಕೋಚ್ ನಿಕ್ ಸಿರಿಯಾನಿ 345 ಸಲ ಚೆಂಡು ಹೊತ್ತ ಆ ಕಾಲುಗಳನ್ನು ಬೆಂಚಿನ ಮೇಲೆ ಕೂರಿಸಿದರು. ಬಾರ್ಕ್ಲಿ ಅಂದು ಒಂದು ಹೆಜ್ಜೆಯೂ ಓಡಲಿಲ್ಲ. ಮೂರನೇ ಕ್ವಾರ್ಟರ್‌ಬ್ಯಾಕ್‌ನನ್ನು ಇಳಿಸಿ ಈಗಲ್ಸ್ 20-13ರಲ್ಲಿ ಗೆದ್ದಿತು.